ಉದ್ಯಾವರದ ಜೋಡಿ ಮೀನು: ಒಂದು ರಾಜಲಾಂಛನದ ಹುಟ್ಟು ಮತ್ತು ಅರ್ಥ

ಸರಕಾರಿ ಕಾಗದದ ತಲೆಯ ಮೇಲೆ, ಕಚೇರಿಯ ಫಲಕದ ಮೇಲೆ, ಕಿಸೆಯಲ್ಲಿರುವ ನಾಣ್ಯದ ಮೇಲೆ ನಾವು ದಿನವೂ ಲಾಂಛನಗಳನ್ನು ಕಾಣುತ್ತೇವೆ. ಆದರೆ ಅವುಗಳನ್ನು ಓದುವುದಿಲ್ಲ. ಲಾಂಛನವೆಂಬುದು ಅಕ್ಷರವಿಲ್ಲದ ಬರಹ. ಯಾರು ಈ ನೆಲವನ್ನು ಆಳಿದರು, ಯಾವುದನ್ನು ತಮ್ಮ ಗೌರವವೆಂದು ಭಾವಿಸಿದರು, ಜನರು ಯಾವ ಗುರುತನ್ನು ನೋಡಿ ನಂಬಿದರು ಎಂಬುದೆಲ್ಲ ಅದರಲ್ಲಿ ಅಡಗಿರುತ್ತದೆ.

ಜರ್ಮನಿಯಲ್ಲಿ ಸುಮಾರು 300 ಗ್ರಾಮಾಂತರ ಜಿಲ್ಲೆಗಳಿದ್ದು, ಅವುಗಳಿಗೆ ತಮ್ಮದೇ ಆದ ಲಾಂಛನಗಳಿವೆ. ನಮ್ಮಲ್ಲಿ ಜಿಲ್ಲೆಗೊಂದು ಲಾಂಛನವೆಂಬ ಪದ್ಧತಿಯಿಲ್ಲ. 1997ರಲ್ಲಿ ರಚನೆಯಾದ ಉಡುಪಿ ಜಿಲ್ಲೆಯೂ ಕರ್ನಾಟಕದ ಗಂಡಭೇರುಂಡದ ನೆರಳಿನಲ್ಲಿಯೇ ತನ್ನ ವ್ಯವಹಾರವನ್ನು ನಡೆಸುತ್ತದೆ. ಹಾಗೆಂದು ಈ ನೆಲಕ್ಕೆ ಸ್ವಂತ ಲಾಂಛನವೇ ಇರಲಿಲ್ಲವೆಂದು ತಿಳಿಯಬಾರದು. ಉಡುಪಿಯಿಂದ ದಕ್ಷಿಣಕ್ಕೆ, ಇಂದು ಹೆದ್ದಾರಿಯ ವಾಹನಗಳು ನಿಲ್ಲದೆ ದಾಟಿಹೋಗುವ ಉದ್ಯಾವರವು ಒಂದು ಕಾಲದಲ್ಲಿ ರಾಜಧಾನಿಯಾಗಿತ್ತು. ಆ ರಾಜಧಾನಿಯ ಮುದ್ರೆಯಲ್ಲಿ ಎರಡು ಮೀನುಗಳಿದ್ದವು.

ಉದಯಪುರದ ಅರಸರು

ತುಳುನಾಡನ್ನು ದೀರ್ಘಕಾಲ ಆಳಿದ ಮನೆತನ ಆಳುಪರದು. ಕ್ರಿ.ಶ. 2ನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಗ್ರಂಥದಲ್ಲಿ ಬರುವ 'ಓಲೊಖೊಯಿರ' ಎಂಬ ಹೆಸರನ್ನು ವಿದ್ವಾಂಸರು 'ಆಳ್ವಖೇಡ', ಅಂದರೆ ಆಳುಪರ ನಾಡು ಎಂದು ಗುರುತಿಸಿದ್ದಾರೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿಯೂ ಆಳುಪರ ಉಲ್ಲೇಖವಿದೆ. ಅಲ್ಲಿಂದ 14ನೇ ಶತಮಾನದವರೆಗೆ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಮೊದಲಾದ ದೊಡ್ಡ ಸಾಮ್ರಾಜ್ಯಗಳು ಘಟ್ಟದ ಮೇಲೆ ಎದ್ದು ಬಿದ್ದರೂ, ಘಟ್ಟದ ಕೆಳಗೆ ಆಳುಪರ ಹೆಸರು ಉಳಿದುಕೊಂಡು ಬಂತು. ಮಂಗಳೂರು, ಉದ್ಯಾವರ ಮತ್ತು ಬಾರಕೂರು ಬೇರೆ ಬೇರೆ ಕಾಲಗಳಲ್ಲಿ ಅವರ ರಾಜಧಾನಿಗಳಾಗಿದ್ದವು.

ಶಾಸನಗಳು ಉದ್ಯಾವರವನ್ನು ಉದಯಪುರವೆಂದು ಕರೆಯುತ್ತವೆ. ಊರಿನ ಶಂಭುಕಲ್ಲು ದೇವಸ್ಥಾನದ ಪರಿಸರದಲ್ಲಿ ದೊರೆತ ಶಿಲಾಶಾಸನಗಳು 8 ಮತ್ತು 9ನೇ ಶತಮಾನಗಳಿಗೆ ಸೇರಿದವು. ಅವುಗಳನ್ನು ಓದಿ, ಎಪಿಗ್ರಾಫಿಯಾ ಇಂಡಿಕಾದ 1907-08ರ ಸಂಪುಟದಲ್ಲಿ ಪ್ರಕಟಿಸಿದವರು ಇ. ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸರು. ತಮ್ಮ ದೇಶದ ಕೋಟೆ-ಚರ್ಚುಗಳ ಗೋಡೆಗಳಲ್ಲಿ ಲಾಂಛನಗಳನ್ನು ಕಂಡು ಬೆಳೆದ ಜನಾಂಗದ ಒಬ್ಬರು ನಮ್ಮೂರಿನ ಕಲ್ಲುಗಳನ್ನು ಓದಿ ಜಗತ್ತಿಗೆ ತಿಳಿಸಿದರೆಂಬುದು ಗಮನಾರ್ಹ. ಬಳಿಕ ನಮ್ಮವರೇ ಆದ ಡಾ. ಪಾದೂರು ಗುರುರಾಜ ಭಟ್ಟರು, ಡಾ. ಕೆ.ವಿ. ರಮೇಶ್ ಅವರು ಈ ಇತಿಹಾಸವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು.

ಮುದ್ರೆಯ ಮೇಲಿನ ಮೀನು

ಜೋಡಿ ಮೀನಿನ ಲಾಂಛನಕ್ಕೆ ಬಹಳ ಹಳೆಯ ಮತ್ತು ಸ್ಪಷ್ಟವಾದ ಸಾಕ್ಷಿ ಕಾರ್ಕಳ ಸೀಮೆಯ ಬೆಳ್ಮಣ್ಣಿನ ತಾಮ್ರಪಟ. 8ನೇ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಆಳುವರಸನು ಹೊರಡಿಸಿದ ಈ ದಾನಪತ್ರವನ್ನು, ಸಂಪೂರ್ಣವಾಗಿ ಕನ್ನಡದಲ್ಲಿರುವ ಅತ್ಯಂತ ಹಳೆಯ ತಾಮ್ರಶಾಸನವೆಂದು ವಿದ್ವಾಂಸರು ಪರಿಗಣಿಸುತ್ತಾರೆ. ಕನ್ನಡ ನುಡಿಯ ಇತಿಹಾಸದಲ್ಲಿ ಅಷ್ಟು ಎತ್ತರದ ಸ್ಥಾನವಿರುವ ಆ ಪತ್ರದ ಮೇಲೆ ಅರಸನ ಗುರುತಾಗಿ ನಿಂತಿರುವುದು ಎರಡು ಮೀನುಗಳು.

ತಾಮ್ರಪಟದಲ್ಲಿ ಮುದ್ರೆಯ ಕೆಲಸವೇನು? ದಾನದ ವಿವರವನ್ನು ತಾಮ್ರದ ಹಾಳೆಗಳ ಮೇಲೆ ಕೊರೆಯುತ್ತಿದ್ದರು. ಹಾಳೆಗಳಿಗೆ ರಂಧ್ರ ಮಾಡಿ ಲೋಹದ ಬಳೆಯೊಂದನ್ನು ಪೋಣಿಸುತ್ತಿದ್ದರು. ಬಳೆಯ ಎರಡು ತುದಿಗಳನ್ನು ಸೇರಿಸಿ ಅದರ ಮೇಲೆ ರಾಜಮುದ್ರೆಯನ್ನು ಬೆಸೆಯುತ್ತಿದ್ದರು. ಮುದ್ರೆಯನ್ನು ಒಡೆಯದೆ ಒಂದು ಹಾಳೆಯನ್ನು ತೆಗೆಯುವುದಾಗಲಿ, ಇನ್ನೊಂದನ್ನು ಸೇರಿಸುವುದಾಗಲಿ ಸಾಧ್ಯವಿರಲಿಲ್ಲ. ಅರಸ ಸತ್ತರೂ, ಅಧಿಕಾರಿ ಬದಲಾದರೂ, ಕೊಟ್ಟ ಮಾತು ಬದಲಾಗಿಲ್ಲವೆಂಬುದಕ್ಕೆ ಆ ಮುದ್ರೆಯೇ ಆಧಾರವಾಗಿತ್ತು. ಓದು ಬಾರದ ರೈತನೂ ಮೀನುಗಳನ್ನು ನೋಡಿ ಇದು ಅರಸನ ಮಾತೆಂದು ತಿಳಿಯಬಲ್ಲವನಾಗಿದ್ದ. ಲಾಂಛನದ ಮೊದಲ ಅರ್ಥ ಇದೇ: ಅದು ಕೊಟ್ಟ ಮಾತಿನ ಗುರುತು.

ಅನಂತರದ ಶತಮಾನಗಳಲ್ಲಿ ಇದೇ ಮೀನುಗಳು ಚಿನ್ನದ ನಾಣ್ಯಗಳ ಮೇಲೆ ಬಂದವು. ಬಾರಕೂರು ಮತ್ತು ಮಂಗಳೂರಿನ ಟಂಕಸಾಲೆಗಳಲ್ಲಿ ಆಳುಪರು ಅಚ್ಚು ಹಾಕಿಸಿದ ನಾಣ್ಯಗಳ ಒಂದು ಮುಖದಲ್ಲಿ ಜೋಡಿ ಮೀನುಗಳಿವೆ. ಕೆಲವು ನಾಣ್ಯಗಳಲ್ಲಿ ಮೀನುಗಳ ಮೇಲೆ ರಾಜಚಿಹ್ನೆಯಾದ ಕೊಡೆಯನ್ನೂ ಕಾಣಬಹುದು. ಇನ್ನೊಂದು ಮುಖದಲ್ಲಿ 'ಶ್ರೀ ಪಾಂಡ್ಯ ಧನಂಜಯ' ಎಂಬ ಬಿರುದು ಕೆಲವು ನಾಣ್ಯಗಳಲ್ಲಿ ಕನ್ನಡ ಲಿಪಿಯಲ್ಲಿ, ಮತ್ತೆ ಕೆಲವುಗಳಲ್ಲಿ ನಾಗರಿ ಲಿಪಿಯಲ್ಲಿದೆ. ಎರಡು ಲಿಪಿಗಳ ಬಳಕೆಯು, ಆ ಹಣವು ಊರಿನವರ ಕೈಯಲ್ಲಿಯೂ ಹೊರನಾಡಿನ ವರ್ತಕರ ಕೈಯಲ್ಲಿಯೂ ಓಡಾಡಬೇಕೆಂಬ ಆಶಯವನ್ನು ಸೂಚಿಸುವಂತಿದೆ.

ಮೀನು ಏಕೆ?

ಕನ್ನಡ ನಾಡಿನ ಅರಸು ಮನೆತನಗಳ ಲಾಂಛನಗಳನ್ನು ಸಾಲಾಗಿ ಇಟ್ಟು ನೋಡಿದರೆ ಆಳುಪರ ಆಯ್ಕೆ ಬೇರೆಯಾಗಿಯೇ ಕಾಣುತ್ತದೆ. ಕದಂಬರದು ಸಿಂಹ, ಗಂಗರದು ಆನೆ, ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ಹೊಯ್ಸಳರದು ಸಿಂಹದೊಂದಿಗೆ ಹೋರಾಡುವ ಸಳ. ಇವುಗಳಲ್ಲಿ ಹೆಚ್ಚಿನವು ಬಲವನ್ನು, ಬೇಟೆಯನ್ನು, ಜಯವನ್ನು ಸಾರುವ ಪ್ರಾಣಿಗಳು. ಮೀನಿಗೆ ಹಲ್ಲು-ಉಗುರುಗಳ ಪ್ರದರ್ಶನವಿಲ್ಲ.

ಇತಿಹಾಸಕಾರರು ಇದಕ್ಕೆ ಎರಡು ಹಿನ್ನೆಲೆಗಳನ್ನು ಕಾಣುತ್ತಾರೆ. ಮೊದಲನೆಯದು ವಂಶದ ಅಭಿಮಾನ. ಮಧುರೆಯ ಪಾಂಡ್ಯರ ಲಾಂಛನವೂ ಮೀನು. ಆಳುಪರು ತಮ್ಮನ್ನು ಸೋಮವಂಶದವರೆಂದು ಹೇಳಿಕೊಂಡರು; 'ಪಾಂಡ್ಯ' ಎಂಬ ಬಿರುದನ್ನು ಧರಿಸಿದರು; 'ಕುಲಶೇಖರ'ನೆಂಬ ಹೆಸರನ್ನೂ ಇಟ್ಟುಕೊಂಡರು. ಎರಡನೆಯದು ನೆಲದ ಗುಣ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಹತ್ತಾರು ಹೊಳೆಗಳಿರುವ ನಾಡು ಇದು. ಉದ್ಯಾವರವಂತೂ ಹೊಳೆಯ ದಡದಲ್ಲಿ, ಕಡಲಿಗೆ ಸಮೀಪದಲ್ಲಿರುವ ಊರು. ಇಲ್ಲಿನ ಅನ್ನದ ಬಟ್ಟಲು ತುಂಬುವುದು ಗದ್ದೆಯಿಂದ ಮತ್ತು ನೀರಿನಿಂದ. ಅರಸರು ತಮ್ಮ ಹಿರಿಮೆಯನ್ನು ದೂರದ ಮಧುರೆಯಲ್ಲಿ ಹುಡುಕಿರಬಹುದು. ಆದರೆ ಬಲೆ ಬೀಸುವವನಿಗೂ ಹಡಗು ನಡೆಸುವವನಿಗೂ ಆ ಚಿತ್ರ ಪರಿಚಿತವೇ ಆಗಿತ್ತು. ಅರಮನೆಯ ಲಾಂಛನವು ಅಂಗಳದ ಬದುಕಿಗೂ ಹೊಂದುವಂತಿದ್ದುದು ಆಳುಪರ ಮೀನಿನ ವಿಶೇಷ.

ಯುರೋಪಿನ ಜೋಡಿ ಮೀನುಗಳು

ಯುರೋಪಿನಲ್ಲಿ ವಂಶಲಾಂಛನಗಳು ರೂಪುಗೊಂಡದ್ದು 12ನೇ ಶತಮಾನದಲ್ಲಿ. ಉಕ್ಕಿನ ಶಿರಸ್ತ್ರಾಣದಿಂದ ಮುಖ ಮುಚ್ಚಿಕೊಂಡ ಯೋಧ ಯಾರೆಂದು ತಿಳಿಯುವುದು ಕಷ್ಟವಾದಾಗ ಗುರಾಣಿಯ ಮೇಲಿನ ಚಿತ್ರವು ಗುರುತಾಯಿತು. ದೂರದಿಂದಲೇ ಕಾಣಬೇಕಾದ್ದರಿಂದ ಬಣ್ಣಗಳಿಗೂ ನಿಯಮ ಬಂತು: ಚಿನ್ನ-ಬೆಳ್ಳಿಯ ಹೊಳಪಿನ ಮೇಲೆ ಕೆಂಪು, ನೀಲಿ, ಕಪ್ಪು, ಹಸಿರುಗಳಲ್ಲಿ ಒಂದು, ಇಲ್ಲವೇ ಗಾಢ ಬಣ್ಣದ ಮೇಲೆ ಚಿನ್ನ ಅಥವಾ ಬೆಳ್ಳಿ. ಕಾಲಾಂತರದಲ್ಲಿ ಗುರಾಣಿಯ ಗುರುತು ತಂದೆಯಿಂದ ಮಗನಿಗೆ ಬರುವ ಆಸ್ತಿಯಾಯಿತು.

ಅಲ್ಲಿಯೂ ಜೋಡಿ ಮೀನುಗಳಿವೆ. 'ಸಾಲ್ಮ್' ಎಂಬ ಮನೆತನದ ಗುರಾಣಿಯಲ್ಲಿ ಎರಡು ಸಾಲ್ಮನ್ ಮೀನುಗಳಿದ್ದವು. ಜರ್ಮನ್ ಭಾಷೆಯಲ್ಲಿ ಆ ಮೀನಿನ ಹೆಸರೂ 'ಸಾಲ್ಮ್' ಎಂಬುದೇ ಕಾರಣ. ಹೆಸರನ್ನೇ ಚಿತ್ರವಾಗಿಸಿದ ಲಾಂಛನವಿದು. ಮೋಂಪೆಲ್‌ಗಾರ್ಡ್ ಎಂಬ ಸಂಸ್ಥಾನದ ಗುರಾಣಿಯಲ್ಲಿ ಕೆಂಪು ನೆಲದ ಮೇಲೆ ಬೆನ್ನಿಗೆ ಬೆನ್ನು ತಿರುಗಿಸಿ ನಿಂತ ಎರಡು ಚಿನ್ನದ ಮೀನುಗಳಿದ್ದವು. 1397ರ ವಿವಾಹ ಒಪ್ಪಂದದಿಂದ ಆ ಸಂಸ್ಥಾನದ ಉತ್ತರಾಧಿಕಾರಿಣಿ ಹೆನ್ರಿಯೆಟ್ಟೆಯು ವ್ಯುರ್ಟೆಂಬರ್ಗ್ ಮನೆತನಕ್ಕೆ ಸೊಸೆಯಾಗಿ ಬಂದಾಗ ಅವಳೊಂದಿಗೆ ಸಂಸ್ಥಾನವೂ ಬಂತು, ಮೀನುಗಳೂ ಬಂದವು. ವ್ಯುರ್ಟೆಂಬರ್ಗಿನ ಜಿಂಕೆಯ ಕೊಂಬುಗಳ ಪಕ್ಕದಲ್ಲಿ ಆ ಮೀನುಗಳು ಶತಮಾನಗಳ ಕಾಲ ಉಳಿದವು. ಮಂಗಳೂರಿನಲ್ಲಿ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ವ್ಯುರ್ಟೆಂಬರ್ಗಿನಲ್ಲಿ.

ಇಂದಿನ ಜರ್ಮನ್ ಜಿಲ್ಲೆಗಳ ಅನೇಕ ಲಾಂಛನಗಳು ಇಂತಹ ಹಳೆಯ ಮನೆತನಗಳ ಚಿಹ್ನೆಗಳನ್ನು ಒಟ್ಟುಗೂಡಿಸಿ 20ನೇ ಶತಮಾನದಲ್ಲಿ ರಚಿಸಿದವುಗಳು. ಒಂದು ಮೂಲೆಯಲ್ಲಿ ಹಿಂದಿನ ದೊರೆಯ ಸಿಂಹ, ಇನ್ನೊಂದು ಕಡೆ ಧರ್ಮಾಧಿಕಾರಿಯ ಶಿಲುಬೆ, ನಡುವೆ ನದಿಯನ್ನು ಸೂಚಿಸುವ ಅಲೆಯ ಗೆರೆ. ದೊರೆಗಳು ಹೋದರು, ಗುರುತುಗಳು ಮಾತ್ರ ಸಾರ್ವಜನಿಕರ ಸೊತ್ತಾಗಿ ಉಳಿದವು.

ನಮ್ಮಲ್ಲಿ ನಡೆದದ್ದು ಇದಕ್ಕಿಂತ ಭಿನ್ನ. ಆಳುಪ ಅರಸ ಒಂದನೆಯ ಚಿತ್ರವಾಹನನು ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಸಹೋದರಿ ಕುಂಕುಮಾದೇವಿಯನ್ನು ವಿವಾಹವಾಗಿದ್ದನು. ದಖನ್ನಿನ ಅತಿ ಬಲಿಷ್ಠ ಮನೆತನದ ಸಂಬಂಧವದು. ಆದರೂ ಚಾಲುಕ್ಯರ ವರಾಹ ಆಳುಪರ ಮುದ್ರೆಯೊಳಗೆ ಬರಲಿಲ್ಲ. ಆ ಬಳಿಕದ ಬೆಳ್ಮಣ್ಣಿನ ತಾಮ್ರಪಟದಲ್ಲಿರುವುದು ಮೀನುಗಳೇ. ಸಂಬಂಧ ಬೆಳೆಸುವುದಕ್ಕಾಗಿ ಸ್ವಂತ ಗುರುತನ್ನು ಬಿಡಬೇಕಾಗಿಲ್ಲ, ಸ್ವಂತ ಗುರುತನ್ನು ಉಳಿಸಿಕೊಳ್ಳಲು ಸಂಬಂಧವನ್ನು ಕಡಿಯಬೇಕಾಗಿಯೂ ಇಲ್ಲ ಎಂಬ ತಿಳಿವಳಿಕೆ ನಮ್ಮ ನೆಲದಲ್ಲಿ ಅಷ್ಟು ಹಳೆಯದು.

ಇಸ್ಲಾಮಿನ ಇತಿಹಾಸದಲ್ಲಿ ಮುದ್ರೆ

ಮುದ್ರೆ ಎಂದರೆ ವಿಶ್ವಾಸ ಎಂಬ ಅರ್ಥವು ನಮಗೆ ಪ್ರವಾದಿ ಚರಿತ್ರೆಯಲ್ಲಿಯೂ ಕಾಣುತ್ತದೆ. ಪ್ರವಾದಿ ಮುಹಮ್ಮದ್(ಸ) ಹೊರದೇಶಗಳ ದೊರೆಗಳಿಗೆ ಪತ್ರ ಬರೆಯಲು ಉದ್ದೇಶಿಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಸ್ವೀಕರಿಸುವುದಿಲ್ಲವೆಂದು ಸಂಗಾತಿಗಳು ತಿಳಿಸಿದರು. ಆಗ ಬೆಳ್ಳಿಯ ಉಂಗುರವೊಂದು ಸಿದ್ಧವಾಯಿತು. ಅದರಲ್ಲಿ 'ಮುಹಮ್ಮದ್', 'ರಸೂಲ್', 'ಅಲ್ಲಾಹ್' ಎಂಬ ಮೂರು ಪದಗಳನ್ನು ಮೂರು ಸಾಲುಗಳಲ್ಲಿ ಕೆತ್ತಲಾಗಿತ್ತು. ಅದೇ ಕೆತ್ತನೆಯನ್ನು ಬೇರೆ ಯಾರೂ ತಮ್ಮ ಉಂಗುರಕ್ಕೆ ಮಾಡಿಸಿಕೊಳ್ಳಬಾರದೆಂದು ಪ್ರವಾದಿವರ್ಯರು(ಸ) ತಡೆದರು. ಮುದ್ರೆ ಒಂದೇ ಆಗಿದ್ದರೆ ಮಾತ್ರ ಮಾತು ನಂಬಿಕೆಗೆ ಅರ್ಹ. ಆ ಉಂಗುರವು ಅಬೂಬಕರ್(ರ), ಉಮರ್(ರ) ಅವರ ಕೈಗಳಿಂದ ಉಸ್ಮಾನ್(ರ) ಅವರ ಕೈಗೆ ಬಂದು, ಅವರ ಕಾಲದಲ್ಲಿ ಮದೀನಾದ ಅರೀಸ್ ಬಾವಿಗೆ ಬಿದ್ದು ಕಣ್ಮರೆಯಾಯಿತು. ಅದನ್ನು ಬೆರಳಲ್ಲಿ ಧರಿಸಿದ್ದರೂ ಅದು ಅಲಂಕಾರವಾಗಿರಲಿಲ್ಲ, ಹೊಣೆಗಾರಿಕೆಯಾಗಿತ್ತು.

ಕ್ರಿ.ಶ. 1250ರಿಂದ 1517ರವರೆಗೆ ಈಜಿಪ್ಟನ್ನು ಆಳಿದ ಮಮ್ಲೂಕರಲ್ಲಿ ಲಾಂಛನಗಳ ಪದ್ಧತಿಯು ವ್ಯವಸ್ಥಿತವಾಗಿತ್ತು. ಪಾನೀಯದ ಹೊಣೆ ಹೊತ್ತವನಿಗೆ ಬಟ್ಟಲು, ಲಿಪಿಕಾರನಿಗೆ ಲೇಖನಿಯ ಪೆಟ್ಟಿಗೆ, ಶಸ್ತ್ರಾಗಾರದವನಿಗೆ ಖಡ್ಗ. ಯುರೋಪಿನಲ್ಲಿ ಲಾಂಛನವು ಹುಟ್ಟಿನಿಂದ ಬರುತ್ತಿತ್ತು. ಮಮ್ಲೂಕರಲ್ಲಿ ಅದು ಮಾಡಿದ ಕೆಲಸದಿಂದ ಬರುತ್ತಿತ್ತು. ಗುಲಾಮನಾಗಿ ಬಂದವನು ಸೇವೆಯಿಂದ ಮೇಲೇರಿ ಅಮೀರನಾದಾಗಲೂ ತಾನು ಹಿಂದೆ ಹಿಡಿದ ಬಟ್ಟಲನ್ನೇ ತನ್ನ ಗೌರವದ ಗುರುತಾಗಿ ಇಟ್ಟುಕೊಳ್ಳುತ್ತಿದ್ದನು.

ಭಾರತದ ಮುಸ್ಲಿಂ ಅರಸರಿಗೂ ಮೀನು ಅಪರಿಚಿತವಾಗಿರಲಿಲ್ಲ. ಮೊಗಲ್ ಚಕ್ರವರ್ತಿಗಳು ತಮ್ಮ ಶ್ರೇಷ್ಠ ಸರದಾರರಿಗೆ 'ಮಾಹಿ ಮರಾತಿಬ್' ಎಂಬ ಮೀನಿನ ಧ್ವಜವನ್ನು ಗೌರವವಾಗಿ ಕೊಡುತ್ತಿದ್ದರು. ಪಾರ್ಸಿ ಭಾಷೆಯಲ್ಲಿ 'ಮಾಹಿ' ಎಂದರೆ ಮೀನು, 'ಮರಾತಿಬ್' ಎಂದರೆ ಪದವಿಗಳು. ಅವಧದ ನವಾಬರ ಲಾಂಛನದಲ್ಲಿ ಜೋಡಿ ಮೀನುಗಳಿದ್ದವು. ಲಕ್ನೋದ ಹಳೆಯ ಹೆಬ್ಬಾಗಿಲುಗಳ ಕಮಾನುಗಳಲ್ಲಿ ಅವು ಇಂದಿಗೂ ಕಾಣುತ್ತವೆ. ಇಂದಿನ ಉತ್ತರ ಪ್ರದೇಶ ಸರಕಾರದ ಮುದ್ರೆಯಲ್ಲಿಯೂ ಎರಡು ಮೀನುಗಳಿವೆ. ಉದ್ಯಾವರದ ಮೀನಿಗೂ ಲಕ್ನೋದ ಮೀನಿಗೂ ವಂಶದ ನಂಟಿಲ್ಲ. ಆದರೆ ಒಂದೇ ಚಿತ್ರವು ಸೋಮವಂಶದ ಅರಸನಿಗೂ ಶಿಯಾ ನವಾಬನಿಗೂ ಗೌರವದ ಗುರುತಾಗಬಲ್ಲುದೆಂದ ಮೇಲೆ, ಚಿತ್ರಕ್ಕೆ ತಾನಾಗಿಯೇ ಒಂದು ಜಾತಿಯೂ ಮತವೂ ಅಂಟಿಕೊಂಡಿರುವುದಿಲ್ಲವೆಂಬುದು ಸ್ಪಷ್ಟ.

ನಮ್ಮ ಕರಾವಳಿಯದೇ ಇನ್ನೊಂದು ನಿದರ್ಶನವಿದೆ. ವಿಜಯನಗರದ ಬಳಿಕ ಈ ಭಾಗವನ್ನು ಆಳಿದ ಇಕ್ಕೇರಿ ನಾಯಕರ ಚಿನ್ನದ ವರಾಹದಲ್ಲಿ ಶಿವ-ಪಾರ್ವತಿಯರ ಚಿತ್ರವಿತ್ತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡಾಗ ಆ ಚಿತ್ರವನ್ನು ಅಳಿಸಲಿಲ್ಲ. ಅದನ್ನು ಒಂದು ಮುಖದಲ್ಲಿ ಹಾಗೆಯೇ ಉಳಿಸಿ, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅರಬಿ ಅಕ್ಷರ 'ಹಾ' ಮಾತ್ರ ಅಚ್ಚು ಹಾಕಿಸಿದನು. ಸಂತೆಯ ಜನ ನಂಬಿದ್ದ ಗುರುತನ್ನು ಕಿತ್ತುಹಾಕಿದರೆ ಹಣದ ಬೆಲೆಯೇ ಬೀಳುತ್ತದೆಂಬುದು ಅವನಿಗೆ ತಿಳಿದಿತ್ತು. ಜನರ ವಿಶ್ವಾಸವನ್ನು ಗೌರವಿಸುವುದು ಆಡಳಿತದ ಬುದ್ಧಿವಂತಿಕೆ.

ಆ ಕಾಲದ ಕರಾವಳಿಯಲ್ಲಿ ನಾವು

ಕರಾವಳಿಯ ಮುಸ್ಲಿಮರನ್ನು ಕುರಿತು 'ನೀವು ಯಾವಾಗ ಬಂದವರು?' ಎಂಬ ಪ್ರಶ್ನೆಯು ಆಗಾಗ ಕೇಳಿಬರುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ, ಬಸ್ಸಿನಲ್ಲಿ, ಮೊಬೈಲಿನ ಪರದೆಯ ಮೇಲೆ ಇದನ್ನು ಎದುರಿಸುತ್ತಾರೆ. ಕೋಪದ ಉತ್ತರಕ್ಕಿಂತ ಇತಿಹಾಸದ ಉತ್ತರ ಮೇಲು.

12ನೇ ಶತಮಾನದಲ್ಲಿ, ಆಳುಪರು ಆಳುತ್ತಿದ್ದಾಗಲೇ, ಮಂಗಳೂರು ಅರಬೀ ಸಮುದ್ರದ ವ್ಯಾಪಾರದ ಕೇಂದ್ರವಾಗಿತ್ತು. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಆ ಶತಮಾನದ ಮೂವತ್ತು-ನಲವತ್ತರ ದಶಕಗಳಲ್ಲಿ ಇಲ್ಲಿ ನೆಲೆಸಿ ಏಡನ್ನಿನೊಂದಿಗೆ ನಡೆಸಿದ ಪತ್ರವ್ಯವಹಾರವು ಕೈರೋದ ಪ್ರಾಚೀನ ಯಹೂದಿ ಮಂದಿರವೊಂದರಲ್ಲಿ ದೊರೆತಿದೆ. ಆಳುಪರ ಕಾಲದ ಕೊನೆಯ ಶತಮಾನದಲ್ಲಿ, 1340ರ ದಶಕದ ಆರಂಭದಲ್ಲಿ, ಮೊರಾಕೊದ ಪ್ರವಾಸಿ ಇಬ್ನು ಬತೂತ ಈ ದಾರಿಯಾಗಿ ಬಂದರು. ಅವರು 'ಫಾಕನೂರ್' ಎಂದು ಕರೆದ ಬಾರಕೂರಿನಲ್ಲಿ 'ಬಾಸದೇವ'ನೆಂಬ ಹಿಂದೂ ಅರಸನಿದ್ದನು. ಅಲ್ಲಿ ಮುಸ್ಲಿಮರ ವಸತಿಯಿತ್ತು, ಅವರಿಗೊಬ್ಬ ಮುಖಂಡನೂ ಖಾಝಿಯೂ ಖತೀಬರೂ ಇದ್ದರು, ಜುಮಾ ಮಸೀದಿಯಿತ್ತು. ಅರಸನ ಯುದ್ಧನೌಕೆಗಳ ನಾಯಕನೇ ಮುಸ್ಲಿಮನಾಗಿದ್ದನು. ಅವನು ವರ್ತಕರನ್ನು ದೋಚುವ ದುಷ್ಟನೆಂದೂ ಇಬ್ನು ಬತೂತ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ, ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ವರ್ತಕರು ಬೇಕಾಗಿದ್ದುದರಿಂದ ಅರಸನು ನಡುವೆ ನಿಂತು ರಾಜಿ ಮಾಡಿಸುತ್ತಿದ್ದನೆಂದೂ ಅವರು ದಾಖಲಿಸಿದ್ದಾರೆ.

ಈ ದಾಖಲೆಯನ್ನು ಪೂರ್ತಿಯಾಗಿ ಓದಬೇಕು. ಅಲ್ಲಿ ಸೌಹಾರ್ದವೂ ಇದೆ, ಜಗಳವೂ ಇದೆ. ನಮ್ಮವರಲ್ಲಿ ಸಜ್ಜನರಿದ್ದಂತೆ ದುಷ್ಟರೂ ಇದ್ದರು. ಅಂದಿನ ಬದುಕು ಸ್ವರ್ಗವಾಗಿರಲಿಲ್ಲ. ಆದರೆ ಈ ಬಂದರುಗಳಲ್ಲಿ ಮಸೀದಿಗೂ ಖಾಝಿಗೂ ಸ್ಥಾನವಿತ್ತು, ಜಗಳ ಬಂದಾಗ ಮಾತನಾಡಿ ಮುಗಿಸುವ ಅಧಿಕಾರವೂ ಇತ್ತು. ಆಳುಪರ ನಾಡಿನಲ್ಲಿ ಸರಕು ಮಾರಿ ಹಣ ಎಣಿಸಿಕೊಂಡ ಅರಬ್ ವರ್ತಕನು ಮೀನಿನ ಮುದ್ರೆಯ ಚಿನ್ನವನ್ನು ನಂಬಿದ್ದನು. ಆ ನಂಬಿಕೆಯ ಇತಿಹಾಸದಲ್ಲಿ ನಮ್ಮ ಹಿರಿಯರೂ ಪಾಲುದಾರರು.

ಮೀನು ಕಾಪಾಡದ ದಿನಗಳು

ಉದ್ಯಾವರದ ಕಲ್ಲುಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ಅವುಗಳಲ್ಲಿ ಹಲವು ವೀರಗಲ್ಲುಗಳು. 8ನೇ ಶತಮಾನದ ಕೊನೆಯ ಹೊತ್ತಿಗೆ ಚಿತ್ರವಾಹನ, ರಣಸಾಗರ, ಶ್ವೇತವಾಹನ ಎಂಬವರ ನಡುವೆ ಸಿಂಹಾಸನಕ್ಕಾಗಿ ನಡೆದ ಕದನಗಳಲ್ಲಿ ಉದಯಪುರದಲ್ಲಿ ಹೋರಾಡಿ ಮಡಿದ ಸೇವಕರ ನೆನಪಿಗಾಗಿ ನಿಲ್ಲಿಸಿದವುಗಳು. ಈ ಮೂವರೂ ಆಳುಪ ಮನೆತನಕ್ಕೆ ಸೇರಿದವರೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅಂದರೆ ಒಂದೇ ವಂಶದ ಗೌರವವನ್ನು ಹೊತ್ತವರು ಒಂದೇ ಊರಿನ ಬೀದಿಗಳಲ್ಲಿ ಪರಸ್ಪರರ ರಕ್ತ ಹರಿಸಿದರು. ಗುರುತು ಒಂದೇ ಆಗಿದ್ದರೂ ನ್ಯಾಯವಿಲ್ಲದಿದ್ದರೆ ಅದು ಯಾರನ್ನೂ ಕಾಪಾಡದು. ಸತ್ತವರು ಅರಸರಲ್ಲ, ಅವರ ಅನ್ನ ತಿಂದ ಸೇವಕರು. ಧ್ವಜ, ಮುದ್ರೆ, ಘೋಷಣೆಗಳ ಹೆಸರಿನಲ್ಲಿ ನಡೆಯುವ ಎಲ್ಲ ಕಾಳಗಗಳ ಲೆಕ್ಕವೂ ಕೊನೆಗೆ ಹೀಗೆಯೇ ಬರುತ್ತದೆ.

ಮಾನವರನ್ನು ಜನಾಂಗಗಳಾಗಿಯೂ ಗೋತ್ರಗಳಾಗಿಯೂ ಮಾಡಿರುವುದು ಪರಸ್ಪರ ಪರಿಚಯಕ್ಕಾಗಿ, ಮತ್ತು ಅಲ್ಲಾಹನ ಬಳಿ ಗೌರವವಿರುವುದು ಭಯಭಕ್ತಿಯುಳ್ಳವರಿಗೆ ಎಂಬುದು ಸೂರಃ ಅಲ್‌ಹುಜುರಾತ್‌ನ ಬೋಧನೆ. ಲಾಂಛನಗಳ ಬಗ್ಗೆಯೂ ನಮ್ಮ ನಿಲುವು ಇದೇ ಆಗಿರಬೇಕು. ಪರಿಚಯಕ್ಕಾಗಿ ಗುರುತು ಬೇಕು. ಆ ಗುರುತು ಅಹಂಕಾರಕ್ಕೆ ತಿರುಗಿದಾಗ ಅದೇ ವೀರಗಲ್ಲಾಗುತ್ತದೆ.

ಇಂದು ಆಳುಪರಿಲ್ಲ, ಅವರ ಟಂಕಸಾಲೆಗಳೂ ಇಲ್ಲ. ಮೀನು ಮಾತ್ರ ಇದೆ. ಮಲ್ಪೆಯ ಬಂದರಿನಲ್ಲಿ ಮೊಗವೀರರು ಹಿಡಿದು ತಂದ ಮೀನನ್ನು ಮುಸ್ಲಿಂ ವ್ಯಾಪಾರಿಗಳು ಕೊಂಡು ದೂರದ ಪೇಟೆಗಳಿಗೆ ಕಳುಹಿಸುತ್ತಾರೆ. ಒಬ್ಬರ ಬಲೆ, ಇನ್ನೊಬ್ಬರ ಲಾರಿ, ಇಬ್ಬರ ಮನೆಯ ಒಲೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅರಸರು ತಾಮ್ರದ ಮೇಲೆ ಬೆಸೆದ ಗುರುತನ್ನು ಈ ದುಡಿಮೆಯು ಪ್ರತಿದಿನ ಮುಂಜಾನೆ ಹೊಸದಾಗಿ ಬೆಸೆಯುತ್ತಿದೆ. ಅದನ್ನು ಒಡೆಯಲು ಯಾರಿಗೂ ಅವಕಾಶ ಕೊಡದಿರುವುದು ಎರಡೂ ಕಡೆಯವರ ಹೊಣೆ.

ನಮ್ಮ ಮನೆಗಳ ಮಕ್ಕಳಿಗೆ ಉದ್ಯಾವರದ ಈ ಕಥೆಯನ್ನು ಹೇಳೋಣ. ಬೆಳ್ಮಣ್ಣಿನ ತಾಮ್ರಪಟವು ಅವರ ಭಾಷೆಯ ಹೆಮ್ಮೆ, ಶಂಭುಕಲ್ಲಿನ ಶಾಸನಗಳು ಅವರ ಊರಿನ ದಾಖಲೆ, ಬಾರಕೂರಿನ ಬಂದರು ಅವರ ಹಿರಿಯರು ನಮಾಝ್ ಮಾಡಿದ ನೆಲ ಎಂಬುದನ್ನು ತಿಳಿಸೋಣ. ಯಾವಾಗ ಬಂದವರೆಂದು ಯಾರಾದರೂ ಕೇಳಿದಾಗ, ಜೋಡಿ ಮೀನಿನ ಹೊನ್ನು ಈ ತೀರದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿಯೇ ಇಲ್ಲಿದ್ದವರು ಎಂದು ಅವರು ಶಾಂತವಾಗಿ ಹೇಳುವಂತಾಗಲಿ.